ತಂತಿ ಕಟ್ಟಿದ ಟ್ಯಾಂಕು

ಸಾಯ್ಕಲ್ ಎಂಬ ಹುಡುಗಿ ಒಳಗೆ ಬರುವ ಮೊದಲೇ ಅವಳ ಜೀಪಿನ ಪೆಟ್ರೋಲ್ ವಾಸನೆ ಗ್ಯಾರೇಜಿನೊಳಗೆ ಬಂದಿತ್ತು.

ಬೆಟ್ಟದೂರು ಅತ್‌ಬಾಶಿಯ ಸಂತೆ ರಸ್ತೆಯ ಕೊನೆಯ ಗ್ಯಾರೇಜು ಜೆನಿಶ್‌ನದು. ಮಾರ್ಚ್ ಮುಗಿಯುತ್ತಿತ್ತು. ಕರಗಿದ ಹಿಮದ ಕೆಸರನ್ನು ಹಾರಿಸುತ್ತ ಬಂದ ಹಳೆಯ ಸೋವಿಯತ್ ಜೀಪಿನಿಂದ ಗಂಬೂಟು ಹಾಕಿದ ಹುಡುಗಿಯೊಬ್ಬಳು ಇಳಿದಳು. ಊರಿಗೆ ಹೊಸದಾಗಿ ಬಂದ ದನದ ಡಾಕ್ಟರು ಸಾಯ್ಕಲ್.

"ಉಸ್ತಾ, ತಿರುವಲ್ಲೆಲ್ಲ ಹೊಟ್ಟೆ ಒಳಗೆ ಯಾರೋ ಗುದ್ದಿದ ಹಾಗೆ ಸದ್ದು ಬರತ್ತೆ."

"ನಿಮ್ಮ ಹೊಟ್ಟೇಲಾ, ಜೀಪಿನ ಹೊಟ್ಟೇಲಾ?"

"ನನ್ನದಾಗಿದ್ರೆ ನಾನೇ ಔಷಧಿ ಕೊಟ್ಕೋತಿದ್ದೆ. ಕುದುರೆಗೆ ಕೊಡೋದನ್ನೇ ಸ್ವಲ್ಪ ಕಮ್ಮಿ."

ಜೆನಿಶ್ ನಗುತ್ತಲೇ ಜೀಪಿನಡಿಗೆ ನುಸುಳಿದ. ನಗು ಅಲ್ಲಿಗೇ ನಿಂತಿತು. ಪೆಟ್ರೋಲ್ ಟ್ಯಾಂಕನ್ನು ಹೊತ್ತಿದ್ದ ಎರಡು ಕಬ್ಬಿಣದ ಪಟ್ಟಿಗಳಲ್ಲಿ ಒಂದು ತುಂಡಾಗಿತ್ತು. ಪಟ್ಟಿಯನ್ನು ಚಾಸಿಗೆ ಬಿಗಿಯುವ ಹಿಡಿಗಳು ತುಕ್ಕು ಹಿಡಿದು, ಬೆರಳಲ್ಲಿ ಒತ್ತಿದರೆ ಒಣ ರೊಟ್ಟಿಯಂತೆ ಉದುರುತ್ತಿದ್ದವು.

"ಪಟ್ಟಿ ಬಿಷ್ಕೆಕ್‌ನಿಂದ ತರಿಸ್ಬೇಕು. ಬಂದ ಮೇಲೆ ಹಿಡಿಗಳನ್ನೂ ಕತ್ತರಿಸಿ ಹೊಸದು ಹಾಕ್ತೀನಿ. ಅಲ್ಲೀವರೆಗೆ ತಂತಿ ಕಟ್ಟಿರ್ತೀನಿ. ನಿಧಾನ ಓಡ್ಸಿ."

ಆ ದಿನ ಅವನು ಹೇಳಿದ್ದು ನಿಜವೇ ಆಗಿತ್ತು.

ಅವಳು ಮೊಣಕಾಲೂರಿ ಟಾರ್ಚು ಹಿಡಿದಳು. ಜಡೆ ಕೆಸರಿಗೆ ತಾಗದಂತೆ ಅದರ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ಬೆಳಕು ಟ್ಯಾಂಕಿನಿಂದ ಜಾರಿ ಜೆನಿಶ್‌ನ ಮುಖಕ್ಕೆ ಬಂತು, ಅಲ್ಲೇ ನಿಂತಿತು.

"ಮುಖದಲ್ಲಿ ನಟ್ಟಿಲ್ಲ ಡಾಕ್ಟ್ರೇ."

"ಇದೆ. ಒಂದು ಸಡಿಲ ಆಗಿರೋ ಹಾಗಿದೆ."

ಆಮೇಲೆ ಇಬ್ಬರೂ ಚಹಾ ಕುಡಿದರು. ಅವನ ತಾಯಿ ಹಿಟ್ಟಿನ ತುಂಡು ಕರಿದು ಕಳಿಸಿದ್ದ ಬೋರ್ಸೋಕ್‌ಗಳನ್ನು ಅವಳು ಒಂದೊಂದಾಗಿ ಎಲ್ಲ ಖಾಲಿ ಮಾಡಿದಳು. ಅವಳು ಹೋದ ಮೇಲೂ ಅವನು ಬರಿದಾದ ತಟ್ಟೆಯನ್ನು ಎತ್ತಿಡಲಿಲ್ಲ.

ಮುಂದಿನ ಗುರುವಾರ ಬಿಷ್ಕೆಕ್ ಟ್ಯಾಕ್ಸಿಯಲ್ಲಿ ಪಟ್ಟಿಗಳು ಬಂದವು. ಶುಕ್ರವಾರ ಸಾಯ್ಕಲ್ ಬಂದಳು.

"ಬಂತಾ ಉಸ್ತಾ?"

ಪಟ್ಟಿ ಹಾಕಿದರೆ ಒಂದೇ ದಿನದ ಕೆಲಸ. ಆಮೇಲೆ ಈ ಜೀಪು ವರ್ಷಗಟ್ಟಲೆ ಇತ್ತ ತಲೆ ಹಾಕುವುದಿಲ್ಲ. ಅವನು ಅವಳ ಚಳಿಗೆ ಕೆಂಪಾದ ಕೆನ್ನೆಯನ್ನು ನೋಡಿದ.

"ಇನ್ನೂ ಇಲ್ಲ," ಅಂದುಬಿಟ್ಟ.

ತಂತಿ ಬಿಗಿದ, ಚಹಾ ಕುಡಿದರು. ಮುಂದಿನ ಎರಡು ವಾರವೂ ಅದೇ ಸುಳ್ಳು, ಅದೇ ತಂತಿ. ಅವಳು ಹೋದ ಮೇಲೆ ಪ್ರತಿ ಸಲವೂ 'ಇನ್ನೊಂದೇ ವಾರ' ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಪಟ್ಟಿಗಳು ಬೆಂಚಿನ ಕೆಳಗೆ ಪೇಪರ್ ಸುತ್ತಿಕೊಂಡು ಬಿದ್ದಿದ್ದವು.

ಏಪ್ರಿಲ್ ಮೂರನೇ ವಾರದ ಒಂದು ಮಧ್ಯಾಹ್ನ ಟ್ರ್ಯಾಕ್ಟರೊಂದು ಜೀಪನ್ನು ಎಳೆದು ತಂದಿತು. ಟ್ಯಾಂಕು ಹಿಂದಿನ ಸೀಟಿನ ಮೇಲಿತ್ತು. ಸಾಯ್ಕಲ್‌ಳ ತೋಳಿನವರೆಗೆ ರಕ್ತ ಒಣಗಿ ಕಪ್ಪಾಗಿತ್ತು.

"ಏನಾಯ್ತು? ನಿಮಗೆ ಪೆಟ್ಟಾಯ್ತಾ?"

"ನನ್ನ ರಕ್ತ ಅಲ್ಲ." ಅವಳು ಟೈರಿನ ಮೇಲೆ ಕುಸಿದು ಕೂತಳು. "ಕಣಿವೆ ಮೇಲಿನ ಮಂಬೆತ್ ಅಜ್ಜನ ಕುದುರೆ ಇವತ್ತು ಬೆಳಗಿನ ಜಾವ ಈಯ್ತಾ ಇತ್ತು. ಮರಿ ಅಡ್ಡ ತಿರುಗಿತ್ತು. ಕರೆ ಬಂದ ತಕ್ಷಣ ಹೊರಟೆ. ದಾರೀಲಿ ಟ್ಯಾಂಕು ಕಳಚಿ ಬಿತ್ತು, ಪೆಟ್ರೋಲೆಲ್ಲ ಹರಿದುಹೋಯ್ತು. ಫೋನಿಗೆ ಸಿಗ್ನಲ್ ಇಲ್ಲ. ಏಳು ಕಿಲೋಮೀಟರ್ ಓಡಿದೆ. ಮರೀನ ಎಳೆದು ಉಳಿಸಿದೆ. ತಾಯಿ ಉಳೀಲಿಲ್ಲ."

ಜೆನಿಶ್‌ನ ಕಣ್ಣು ಬೆಂಚಿನ ಕೆಳಗೆ ಹೋಯಿತು.

"ತಪ್ಪು ನಂದೇ," ಅಂದಳು ಅವಳು. "ನಿಧಾನ ಓಡ್ಸಿ ಅಂತ ನೀವು ಮೂರು ಸಲ ಹೇಳಿದ್ರಿ. ಕೇಳ್ಲಿಲ್ಲ ನಾನು."

ಅವಳು ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಬೆಂಚಿನ ಕೆಳಗೆ ಬಗ್ಗಿ ಪೇಪರಿನ ಕಟ್ಟು ತೆಗೆದು ಅವಳ ಕಾಲ ಬಳಿ ಇಟ್ಟ.

"ಪಟ್ಟಿ ಬಂದು ಇಪ್ಪತ್ತು ದಿನ ಆಯ್ತು ಡಾಕ್ಟ್ರೇ."

ಅವಳು ಕಟ್ಟನ್ನು ಬಿಚ್ಚಿ ನೋಡಿದಳು. ಹೊಸ ಕಬ್ಬಿಣ, ಇನ್ನೂ ಗ್ರೀಸು ಅಂಟಿತ್ತು.

"ಯಾಕೆ?"

"ಹಾಕಿದ್ರೆ ನೀವು ಬರಲ್ಲ ಅಂತ."

ಅವಳು ಪಟ್ಟಿಯನ್ನು ಪೇಪರಿನ ಮೇಲೆ ಇಟ್ಟು ಎದ್ದು ನಿಂತಳು. ಮಾತಾಡಿದಾಗ 'ನೀವು' ಹೋಗಿತ್ತು.

"ನನ್ನ ಜೊತೆ ಚಹಾ ಕುಡಿಯೋ ಆಸೆಗೆ ಕುದುರೆ ಸಾಯಿಸಿದ್ಯಾ?"

ಕಟ್ಟನ್ನು ಗಂಬೂಟಿನಿಂದ ಅವನತ್ತ ತಳ್ಳಿದಳು.

"ಈಗ ಟ್ಯಾಂಕು ಕಟ್ಟು. ಕಟ್ಟಿದ ಮೇಲೆ ನನ್ನ ಜೊತೆ ಬಂದು, ಈಗ ಹೇಳಿದ್ದನ್ನ ಅಜ್ಜನ ಮುಂದೆ ಹೇಳು."

ತುಕ್ಕು ಹಿಡಿದ ಹಿಡಿಗಳನ್ನು ಅವನು ಗ್ರೈಂಡರಿನಿಂದ ಕತ್ತರಿಸಿದ. ಗಟ್ಟಿ ಕಬ್ಬಿಣ ಸಿಗುವವರೆಗೆ ಚಾಸಿಯನ್ನು ಉಜ್ಜಿದ. ಒಡೆದ ಟ್ಯಾಂಕನ್ನು ಅಂಗಳದಾಚೆ ದೂರ ಇಟ್ಟು, ಹೊಸ ಹಿಡಿಗಳನ್ನು ವೆಲ್ಡ್ ಮಾಡಿ ಬಣ್ಣ ಬಳಿದ. ಹಳೆಯ ಗಾಡಿಯೊಂದರಿಂದ ಬೇರೆ ಟ್ಯಾಂಕು ಬಿಚ್ಚಿ ತಂದು, ಪಟ್ಟಿಯ ಒಳಗೆ ರಬ್ಬರು ಕೂರಿಸಿ ಬಿಗಿದ. ಅವಳು ದೂರದಲ್ಲೇ ನಿಂತಿದ್ದಳು. ಟಾರ್ಚು ಹಿಡಿಯಲು ಬರಲಿಲ್ಲ. ಎಲ್ಲ ಸೇರಿ ನಾಲ್ಕು ಗಂಟೆ. ನಾಲ್ಕು ಗಂಟೆಯ ಕೆಲಸಕ್ಕೆ ಮೂರು ವಾರ ಸುಳ್ಳು ಹೇಳಿದ್ದ.

ಮಂಬೆತ್ ಅಜ್ಜ ಕೊಟ್ಟಿಗೆಯ ಮುಂದೆ ಕೂತು ಎಲ್ಲವನ್ನೂ ಕೇಳಿದ. ಕೊನೆಗೆ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ಹದಿನಾಲ್ಕು ವರ್ಷ ನನ್ನನ್ನ ಹೊತ್ತ ಕುದುರೆ ಮಗಾ ಅದು. ಎದುರಿಗೆ ಬಂದು ಹೇಳಿದೆ, ಅದಕ್ಕೆ ಕೋಲು ಎತ್ಲಿಲ್ಲ. ಕ್ಷಮಿಸ್ದೆ ಅಂತ ಮಾತ್ರ ಅಂದ್ಕೋಬೇಡ."

"ಏನು ಮಾಡ್ಲಿ ಹೇಳಿ ಅಜ್ಜ."

"ತಬ್ಬಲಿ ಮರಿ ಅಲ್ಲಿದೆ. ಎರಡು ಗಂಟೆಗೊಂದು ಸಲ ಹಾಲು ಕುಡಿಸ್ಬೇಕು. ನಂಗೆ ಕೈ ನಡುಗತ್ತೆ. ಗ್ಯಾರೇಜಿಗೆ ಬೀಗ ಹಾಕಿ ಬಾ."

ಜೆನಿಶ್ ಬಂದ. ಹಾಲಿದ್ದ ಬೇರೆ ಕುದುರೆಗಳಿಂದ ಕರೆದ ಹಾಲನ್ನು ಬೆಚ್ಚಗೆ ಮಾಡಿ ಬಾಟಲಿಯಲ್ಲಿ ಕುಡಿಸಿದ. ಕೊಟ್ಟಿಗೆಯಲ್ಲೇ ಮಲಗಿದ. ಮರಿ ಅವನ ಅಂಗಿಯ ಗುಂಡಿಗಳನ್ನು ಚೀಪಿ ಕಿತ್ತುಹಾಕಿತು. ಅದರ ಕಣ್ಣನ್ನು ನೇರವಾಗಿ ನೋಡಲು ಅವನಿಗೆ ನಾಲ್ಕು ದಿನ ಬೇಕಾಯಿತು.

ಸಾಯ್ಕಲ್ ದಿನ ಬಿಟ್ಟು ದಿನ ಮರಿಯನ್ನು ನೋಡಲು ಬರುತ್ತಿದ್ದಳು.

"ಎಷ್ಟು ಕುಡೀತು?"

"ಅರ್ಧ ಲೀಟರ್."

"ಲದ್ದಿ?"

"ಸರಿ ಇದೆ."

ಅಷ್ಟೇ. ಅವನ ಮುಖವನ್ನು ಅವಳು ನೋಡುತ್ತಿರಲಿಲ್ಲ. ನೋಡದಿರುವುದೇ ಸರಿ ಎಂದು ಅವನಿಗೂ ಅನಿಸಿತ್ತು.

ಹನ್ನೊಂದನೆಯ ದಿನ ಅವಳು ಪ್ರಶ್ನೆ ಕೇಳಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಗಂಬೂಟಿನ ತುದಿ ನೋಡುತ್ತ ನಿಂತಳು.

"ನಾರಿನ್ ಪಟ್ಟಣದಲ್ಲಿ ನಮ್ಮ ಆಫೀಸಿಗೆ ಒಂದು ಗ್ಯಾರೇಜಿದೆ."

ಅವನು ಬಾಟಲಿ ಹಿಡಿದೇ ತಲೆಯೆತ್ತಿದ.

"ಎರಡನೇ ವಾರವೇ ಅವರು ಫೋನ್ ಮಾಡಿದ್ರು. ಪಟ್ಟಿ ಇದೆ, ತಗೊಂಡು ಬನ್ನಿ, ಸಂಜೆಗೆ ಕೊಡ್ತೀವಿ ಅಂದ್ರು. ಬೇಡ, ಅತ್‌ಬಾಶೀಲೇ ಮಾಡಿಸ್ತೀನಿ ಅಂದೆ."

"ಯಾಕೆ?"

"ನೀನು ಕೇಳ್ತೀಯಲ್ಲ ಯಾಕೆ ಅಂತ!" ಅವಳು ಅವನ ಮುಖ ನೋಡಿದಳು. "ನಿನಗೆ ಇದ್ದ ಆಸೆಯೇ ನಂಗೂ ಇತ್ತು. ತಂತಿ ನಿಲ್ಲಲ್ಲ ಅಂತ ಗೊತ್ತಿದ್ದೂ ಗಾಡಿ ಓಡಿಸಿದೆ. ಆಮೇಲೆ ಪಾಪನೆಲ್ಲ ನಿನ್ನ ತಲೆಗೆ ಕಟ್ಟಿ ಡಾಕ್ಟರ ಹಾಗೆ ಲದ್ದಿ ಲೆಕ್ಕ ಕೇಳ್ತಾ ಇದ್ದೆ. ಹತ್ತು ದಿನದಿಂದ ಅನ್ನ ಸೇರ್ತಿಲ್ಲ ಜೆನಿಶ್."

ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಖುಷಿಪಡಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ಹೊರಗೆ ಗೂಟದ ಬಳಿ ಸತ್ತ ಕುದುರೆಯ ಜೀನು ಇನ್ನೂ ಹಾಗೇ ಇತ್ತು.

"ಅಜ್ಜನಿಗೆ ಹೇಳಿದ್ಯಾ?" ಮೆಲ್ಲಗೆ ಕೇಳಿದ.

"ಈಗ ಹೇಳಿ ಬಂದೆ."

"ಏನಂದ?"

ಅವಳು ಮುಂಗೈಯಿಂದ ಕಣ್ಣೊರೆಸಿಕೊಂಡಳು. "ಬೆಳಗಿನ ಸರದಿ ನಂದಂತೆ. ಮರಿ ಹುಲ್ಲು ತಿನ್ನೋವರೆಗೂ."

ಜೆನಿಶ್ ಒಣಹುಲ್ಲಿನ ಮೇಲೆ ಒಂದಿಷ್ಟು ಸರಿದ. ಅವಳು ಪಕ್ಕದಲ್ಲಿ ಬಂದು ಕೂತು ಅವನ ಕೈಯ ಮೇಲೆ ಕೈಯಿಟ್ಟು ಬಾಟಲಿ ಹಿಡಿದಳು. ಮರಿ ಇಬ್ಬರನ್ನೂ ಒಮ್ಮೆ ಮೂಸಿ ನೋಡಿ, ಕುಡಿಯತೊಡಗಿತು.