ಹದಿನೆಂಟು ಜನರ ಒಂದೇ ಹವ್ಯಾಸ

"ಈ ಹದಿನೆಂಟು ಜನರನ್ನ ಹೆತ್ತೋರು ನೀವೇನಾ?"

ಕೊಟ್ಟೂರು ಬಸ್‌ಸ್ಟ್ಯಾಂಡಿನ ಎದುರಿನ ಕಂಪ್ಯೂಟರ್ ಅಂಗಡಿಯಲ್ಲಿ ಯಾರದೋ ಆದಾಯ ಪ್ರಮಾಣಪತ್ರದ ಅರ್ಜಿ ತುಂಬುತ್ತಿದ್ದ ಬೀರಲಿಂಗೇಶ್ ತಲೆ ಎತ್ತಿದ. ಎದುರು ನಿಂತಿದ್ದವಳು ಕಾಗದದ ಕಟ್ಟೊಂದನ್ನು ಅವನ ಕೀಬೋರ್ಡಿನ ಮೇಲೆಯೇ ಹಾಕಿದಳು. ಇಸ್ತ್ರಿ ಮುರಿಯದ ಹತ್ತಿ ಸೀರೆ, ಹೆಗಲಿಗೆ ಬ್ಯಾಗು, ಮೂಗಿನ ತುದಿಯಲ್ಲಿ ಸಿಟ್ಟು.

"ಏನಾಗಬೇಕಿತ್ರಿ ಮೇಡಂ?"

"ಹದಿನೆಂಟು ರೆಸ್ಯೂಮೆ. ಎಲ್ಲ ನಿಮ್ಮ ಅಂಗಡಿ ಇಮೇಲಿಂದ್ಲೇ ಬಂದಾವೆ. ಹದಿನೆಂಟು ಜನಕ್ಕೂ ಒಂದೇ ಗುರಿ, ಹೆಸರಾಂತ ಸಂಸ್ಥೆಯಲ್ಲಿ ಸವಾಲಿನ ಹುದ್ದೆ. ಹದಿನೆಂಟು ಜನರ ಹವ್ಯಾಸನೂ ಒಂದೇ, ಹಾಡು ಕೇಳೋದು, ಪೇಪರ್ ಓದೋದು. ಮ್ಯೂಸಿಕ್ ಅನ್ನೋ ಪದದಾಗೆ ಹದಿನೆಂಟು ಕಡೆನೂ ಅದೇ ಅಕ್ಷರ ತಪ್ಪು." ಅವಳು ನಡುವಿನಿಂದ ಒಂದು ಹಾಳೆ ಎಳೆದಳು. "ಈ ಸುಂಕಮ್ಮನ್ನಂತೂ ಗಂಡಸು ಮಾಡಿಬಿಟ್ಟಿದೀರ. ನೋಡಿ, ಲಿಂಗ: ಪುರುಷ."

ಬೆಂಚಿನ ಮೇಲೆ ಕಾಯುತ್ತಿದ್ದ ಇಬ್ಬರು ಮುದುಕರು ಕಿಸಕ್ಕನೆ ನಕ್ಕರು.

ಅವಳ ಹೆಸರು ವಾಣಿಶ್ರೀ. ಹಗರಿಬೊಮ್ಮನಹಳ್ಳಿಯ ಒಂದು ಬಿತ್ತನೆ ಬೀಜದ ಕಂಪನಿಯಲ್ಲಿ ಕೆಲಸಗಾರರನ್ನು ಆರಿಸುವ ಅಧಿಕಾರಿ. ಪ್ರತಿ ಶನಿವಾರ ಮಧ್ಯಾಹ್ನ ಹರಪನಹಳ್ಳಿಯ ತವರಿಗೆ ಹೋಗುವ ಬಸ್ಸು ಕೊಟ್ಟೂರಿನ ಮೇಲೆಯೇ ಹೋಗುತ್ತದೆ. ಈ ಪೆದ್ದನ ಮುಖ ಒಮ್ಮೆ ನೋಡಲೇಬೇಕೆಂದು ಅವಳು ಇವತ್ತು ಇಳಿದಿದ್ದಳು.

ಮುಖ ಪೆದ್ದನದಾಗಿರಲಿಲ್ಲ. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

"ಒಂದು ಕೇಳ್ತೀನಿ, ಬೇಜಾರ ಮಾಡ್ಕೋಬ್ಯಾಡ್ರಿ," ಎಂದ ಬೀರಲಿಂಗೇಶ್, ಕಾಗದಗಳನ್ನು ನಿಧಾನವಾಗಿ ಜೋಡಿಸುತ್ತ. "ಮೂರು ವರ್ಷದಿಂದ ಇದ ಅಚ್ಚು ಕಳಸಾಕತ್ತೀನಿ. ಒಬ್ಬ ಕಂಪನ್ಯಾಂವನೂ ಬಂದು ಕೇಳಿಲ್ಲ. ಯಾಕಂದ್ರ ಯಾರೂ ಓದಂಗಿಲ್ಲ. ಓದಲಾರದ ಮಂದಿಗೆ ಇಷ್ಟು ಸಾಕಲ್ರಿ?"

"ನಿಮ್ಮ ಸೋಮಾರಿತನಕ್ಕೆ ನಮ್ಮ ಮೇಲೆ ತಪ್ಪು ಹೊರಿಸ್ತೀರಾ? ಇದರಾಗೆ ಒಬ್ಬರ ಬಗ್ಗೆನಾದ್ರೂ ನಿಮಗೆ ಏನಾದ್ರೂ ಗೊತ್ತಾ?"

ಅವನು ಮೇಲಿನ ಹಾಳೆ ನೋಡಿದ.

"ಗೊತ್ತೈತಿ. ಇಕಿ ಹಡಗಲಿ ಚೌಡಕ್ಕ. ಪಿಯುಸಿ ಪಾಸು. ಹನ್ನೊಂದು ವರ್ಷದಿಂದ ಮಲ್ಲಿಗಿ ಮೊಗ್ಗಿನ ವ್ಯಾಪಾರ. ಮೊಗ್ಗು ಮುಟ್ಟಿದ್ರ ಸಂಜಿಗೆ ಅರಳ್ತೈತೋ ನಾಳಿಗೋ ಹೇಳ್ತಾಳ. ಐವತ್ತು ಮಂದಿ ಹೆಣ್ಮಕ್ಕಳು ಇಕಿ ಕೈಕೆಳಗ ಮಾಲಿ ಕಟ್ತಾರ. ಒಬ್ಬಾಕಿನೂ ಜಗಳಾ ಮಾಡಿ ಬಿಟ್ಟು ಹೋಗಿಲ್ಲ."

ವಾಣಿಶ್ರೀಗೆ ಬೇಕಿದ್ದದ್ದು ಬೀಜ ಆರಿಸುವ ನಲವತ್ತು ಹೆಂಗಸರ ಮೇಲೆ ಒಬ್ಬ ಮೇಲ್ವಿಚಾರಕಿ. ಈ ಚೌಡಕ್ಕನ ಹಾಳೆಯನ್ನು ಅವಳೇ ಆರು ಸೆಕೆಂಡಿನಲ್ಲಿ ಬೇಡದ ರಾಶಿಗೆ ಎಸೆದಿದ್ದಳು.

"ಇದನ್ನ ಯಾಕೆ ಬರೀಲಿಲ್ಲ?"

"ಬರದ್ರ ನಗ್ತೀರಿ." ಅವನ ದನಿ ತಟ್ಟನೆ ಗಡುಸಾಯಿತು. ಪರದೆಯ ಕಡೆ ತಿರುಗಿಬಿಟ್ಟ. "ಮುಂದ ಯಾರ್ರಿ, ಬರ್ರಿ."

*ಎಂಥಾ ಸೊಕ್ಕು... ಮಾಡೋದು ಕಾಪಿ ಹೊಡೆಯೋ ಕೆಲಸ, ಮಾತು ಮಾತ್ರ ಕಲೆಕ್ಟರದ್ದು.*

ಹರಪನಹಳ್ಳಿ ತಲುಪುವವರೆಗೂ ಅವಳು ಅವನನ್ನು ಮನಸ್ಸಿನಲ್ಲೇ ಬೈದಳು. ಆದರೆ ಸೋಮವಾರ ಬೆಳಿಗ್ಗೆ ಫೋನು ಮಾಡಿದವಳೂ ಅವಳೇ.

"ಚೌಡಕ್ಕನ ರೆಸ್ಯೂಮೆ ಬೇರೆ ಬರೆದು ಕಳಿಸಿ. ಬುಧವಾರದೊಳಗೆ."

"ಓದ್ತೀರೇನ್ರಿ?"

"ಬರೆದ್ರೆ ಓದ್ತೀನಿ. ತುಂಬಿಸಿದ್ರೆ ಓದಲ್ಲ."

ಅವನು ಕಳಿಸಿದ್ದು ನೋಡಿ ಅವಳಿಗೆ ನಗು ಬಂತು. 'ಅಪ್ರತಿಮ ನಾಯಕತ್ವ ಗುಣವುಳ್ಳ, ದಣಿವರಿಯದ ಶ್ರಮಜೀವಿ.'

"ಇದೇನ್ರಿ, ಸನ್ಮಾನ ಪತ್ರನಾ? ಶಾಲು, ಹಣ್ಣು ಎಲ್ಲಿ?"

"ಮತ್ತ ಹೆಂಗ ಬರೀಬೇಕು, ನೀವ ಹೇಳ್ರಿ. ಶಾಣ್ಯಾರು."

"ಅವಳು ಎಂಥಾಕಿ ಅಂತ ಬರೀಬೇಡಿ. ಏನು ಮಾಡಿದಾಳೆ ಅಂತ ಬರೀರಿ. ನಮಗೆ ಬೇಕಿರೋದು ಆರಿಸೋ ಕಣ್ಣು, ಹೆಂಗಸರನ್ನ ನಡೆಸೋ ಬಾಯಿ. ಅದು ಮೊದಲನೇ ಸಾಲಿನಾಗೆ ಇರಲಿ. ದಿನಕ್ಕೆ ಎಷ್ಟು ಕೆಜಿ ಮೊಗ್ಗು, ಎಷ್ಟು ಜನ, ಎಷ್ಟು ವರ್ಷ. ಒಂದೇ ಪುಟ. ಅಪ್ಪನ ಹೆಸರು, ಧರ್ಮ, ಹವ್ಯಾಸ ಎಲ್ಲ ತೆಗೀರಿ."

"ಹವ್ಯಾಸನೂ ಬ್ಯಾಡ?"

"ಬೆಳಿಗ್ಗೆ ನಾಲ್ಕಕ್ಕೆ ಏಳೋ ಹೆಂಗಸಿಗೆ ಯಾವ ಹವ್ಯಾಸ ಕಟ್ತೀರಿ ನೀವು?"

ಆ ಕಡೆ ಅವನು ನಕ್ಕ ಸದ್ದು ಕೇಳಿತು. ಎರಡನೆಯದನ್ನೂ ಅವಳು ವಾಪಸ್ ಮಾಡಿದಳು. ಮೂರನೆಯದನ್ನೂ. "ನಿಮ್ಮ ಅಂಗಡಿ ಬೋರ್ಡಿನ ಎಂ.ಎ. ಖರೆನಾ, ಇಲ್ಲಾ ಅದನ್ನೂ ಕಾಪಿ ಹೊಡೆದ್ರಾ?" ಎಂದು ಕೇಳಿದಳು. "ನಿಮ್ಮ ಎಂ.ಬಿ.ಎ. ಒಳಗ ಬೈಯೋದು ಎಷ್ಟು ಮಾರ್ಕಿಂದಿತ್ರಿ?" ಎಂದು ಅವನು ಕೇಳಿದ.

ನಾಲ್ಕನೆಯದು ಬಂದಾಗ ಅವಳು ಬೈಯಲಿಲ್ಲ.

ಎರಡು ಸಲ ಓದಿದಳು. ಒಂದೇ ಪುಟದಲ್ಲಿ ಒಬ್ಬ ಹೆಂಗಸು ನಿಂತಿದ್ದಳು, ಮಡಿಲ ತುಂಬ ಮೊಗ್ಗು, ಸುತ್ತ ಐವತ್ತು ಜನ. ಬೇರೆ ಯಾರೂ ಆಗಲು ಸಾಧ್ಯವೇ ಇಲ್ಲದ ಹೆಂಗಸು.

ಅಲ್ಲಿಂದ ಶನಿವಾರಗಳಲ್ಲಿ ಅವಳು ಕೊಟ್ಟೂರಿನಲ್ಲಿ ಇಳಿಯುವುದು ರೂಢಿಯಾಯಿತು. ಉಳಿದ ಹದಿನೇಳು ಜನರನ್ನೂ ಅವನು ಒಬ್ಬೊಬ್ಬರಾಗಿ ಕರೆಸಿ, ಕೂರಿಸಿಕೊಂಡು ಕೇಳುತ್ತಿದ್ದ. ಅವಳು ಬೆಂಚಿನ ತುದಿಯಲ್ಲಿ ಕೂತು ಒಗ್ಗರಣೆ ಮಂಡಕ್ಕಿ ತಿನ್ನುತ್ತ ತಪ್ಪು ಹುಡುಕುತ್ತಿದ್ದಳು. ಅವನ ತಪ್ಪು ಹುಡುಕುವುದರಲ್ಲಿ ಇಷ್ಟು ಸುಖವಿದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

*ಇದು ಕೆಲಸಕ್ಕೆ ಮಾತ್ರ...* ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳಬೇಕಾಗಿ ಬಂದಾಗಲೇ ಅನುಮಾನ ಬರಬೇಕಿತ್ತು.

ಒಂದು ಶನಿವಾರ ಅಂಗಡಿ ಖಾಲಿ ಇತ್ತು. ಅವಳು ಕೇಳಿಯೇಬಿಟ್ಟಳು. "ಇಷ್ಟು ಚೆನ್ನಾಗಿ ಬರೆಯೋಕೆ ಬರೋರು, ಮೂರು ವರ್ಷ ಆ ಹಾಳು ಅಚ್ಚು ಯಾಕೆ ಕೊಟ್ರಿ?"

ಅವನು ಪ್ರಿಂಟರಿಗೆ ಹಾಳೆ ತುಂಬುತ್ತ ನಿಂತಿದ್ದ. ತಿರುಗಲಿಲ್ಲ.

"ಎಂ.ಎ. ಮುಗಿಸಿ ಒಂದು ಕಾಲೇಜಿಗೆ ಹೋಗಿದ್ದೆರಿ, ಕೆಲಸಕ್ಕ. ರೆಸ್ಯೂಮೆದಾಗ ಖರೇನ ಬರ್ದಿದ್ದೆ. ಹತ್ತು ವರ್ಷ ಕುರಿ ಕಾದೀನಿ, ಕುರಿ ಹಿಂದ ಕುಂತು ಓದೀನಿ ಅಂತ. ನಾಲ್ಕು ಮಂದಿ ಕುಂತಿದ್ರು. ಒಬ್ಬಾಂವ ಅದನ್ನ ಗಟ್ಟಿಯಾಗಿ ಓದಿ, ಇಲ್ಲಿ ಹುಡುಗರನ್ನೂ ಹಂಗ ಕಾಯ್ತೀಯೇನು, ಹಿಡಿಗೋಲು ತಂದೀಯೇನು ಅಂದ. ನಾಲ್ಕೂ ಮಂದಿ ನಕ್ರು." ಅವನು ಟ್ರೇ ಒಳಗೆ ತಳ್ಳಿದ. "ಎಲ್ಲಾರಂಗ ಇದ್ರ ಯಾರೂ ನಗಂಗಿಲ್ಲ. ಅದಕ್ಕ ಮಂದಿಗೆಲ್ಲಾ ಅದನ್ನ ಕೊಟ್ಟೆ. ಕೆಲಸ ಸಿಗದಿದ್ರೂ ಮರ್ಯಾದಿ ಉಳೀತೈತಿ."

ವಾಣಿಶ್ರೀಯ ಕಣ್ಣು ತುಂಬಿತು. ಅವನು ನೋಡದಿರಲೆಂದು ಮಂಡಕ್ಕಿಯ ಮೆಣಸಿನಕಾಯಿ ಕಚ್ಚಿ, ಖಾರ ಎಂದಳು.

ಚೌಡಕ್ಕನ ಸಂದರ್ಶನ ಚೆನ್ನಾಗಿ ಆಯಿತು. ಮೇಜಿನ ಮೇಲೆ ಹರಡಿದ್ದ ಮೆಣಸಿನಕಾಯಿ ಬೀಜದಲ್ಲಿ ಕೈಯಾಡಿಸಿ, ಜೊಳ್ಳನ್ನೆಲ್ಲ ಒಂದು ಕಡೆ ಸರಿಸಿ, "ಇವನ್ನ ಮಾರಿದ್ರ ರೈತ ನಿಮ್ಮನ್ನ ಹುಡುಕ್ಕೊಂಡು ಬರ್ತಾನ್ರಿ," ಎಂದಿದ್ದಳು. ವಾಣಿಶ್ರೀ ಅವಳಿಗೆ ಎಲ್ಲರಿಗಿಂತ ಹೆಚ್ಚು ಅಂಕ ಕೊಟ್ಟು ಕಡತವನ್ನು ಮಾಲೀಕ ಅರುಣಕುಮಾರನ ಕೋಣೆಗೆ ಕಳಿಸಿದಳು. ಕೆಲಸ ಆಯಿತೆಂದೇ ತಿಳಿದಳು.

ಮರುದಿನ ಗುಮಾಸ್ತ ಸಹಿಗೆಂದು ಮೂವತ್ತು ಪತ್ರಗಳ ಕಟ್ಟು ತಂದಿಟ್ಟ. ಆಯ್ಕೆಯಾಗದವರಿಗೆ ಹೋಗುವ ಪತ್ರಗಳು. ಅವಳು ಫೋನಿನಲ್ಲಿದ್ದಳು. ಹಾಳೆ ತಿರುವುತ್ತ, ಸಹಿ ಹಾಕುತ್ತ ಹೋದಳು.

ಆ ಶನಿವಾರ ಕೊಟ್ಟೂರಿನಲ್ಲಿ ಇಳಿದಾಗ ಅವಳ ತಲೆಯಲ್ಲಿ ಹಡಗಲಿ ಮಲ್ಲಿಗೆಯಿತ್ತು. ಬೇಕೆಂದೇ ಮುಡಿದಿದ್ದಳು.

ಬೀರಲಿಂಗೇಶ್ ಮೇಜಿನ ಡ್ರಾ ತೆರೆದ. ಒಂದು ಪತ್ರ ಮುಂದೆ ಸರಿಸಿದ.

'ಶ್ರೀಮತಿ ಚೌಡಕ್ಕ ಅವರಿಗೆ. ನಿಮ್ಮ ಅರ್ಹತೆಯು ನಮ್ಮ ಅಗತ್ಯಕ್ಕೆ ಹೊಂದಿಕೆಯಾಗದ ಕಾರಣ...' ಕೆಳಗೆ ಅವಳದೇ ಸಹಿ.

ಅವಳು ಸಹಿಯ ಮೇಲೆ ಬೆರಳಿಟ್ಟಳು. "ನಾನು... ನಾನು ಇದನ್ನ ನೋಡಲೇ ಇಲ್ಲ."

"ಹೌದ್ರಿ. ನೋಡಲಿಲ್ಲ."

"ಹಂಗಲ್ಲ, ಕೇಳಿ ಇಲ್ಲಿ..."

"ನಾಲ್ಕು ಸಲ ಬರಸಿದ್ರಿ. ಆಕಿ ವ್ಯಾಪಾರ ಬಿಟ್ಟು ಎರಡು ದಿನ ಇಲ್ಲಿಗೆ ಬಂದ್ಲು. ಪಾಪ, ಲಕೋಟಿನೂ ಒಡೀದ, ಕೆಲಸ ಸಿಕ್ಕೈತಿ ಅಂದ್ಕೊಂಡು ಪೇಢೆ ತಂದಿದ್ಲು." ಅವನು ದನಿ ಏರಿಸಲಿಲ್ಲ. ಏರಿಸಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. "ಆ ನಾಲ್ಕು ಮಂದಿನ ವಾಸಿರಿ. ಎದುರಿಗೇನ ನಕ್ರು. ನೀವು ಕುಂತು ಮಂಡಕ್ಕಿ ತಿಂದು, ಕಥಿ ಕೇಳಿ, ಹೋಗಿ ಸಹಿ ಹಾಕಿದ್ರಿ."

ಬರೆದರೆ ಓದುತ್ತೇನೆ ಎಂದವಳು, ಓದದೆ ಸಹಿ ಹಾಕಿದ್ದಳು. ಬಸ್ಸಿನಲ್ಲಿ ಕೂತು ತಲೆಯ ಹೂವನ್ನು ಬಿಚ್ಚಿ ಬ್ಯಾಗಿಗೆ ತುರುಕಿದಳು. ಮೂವತ್ತು ವರ್ಷದಲ್ಲಿ ಎಷ್ಟೋ ಜನರನ್ನು ಕೀಳಾಗಿ ಕಂಡಿದ್ದಳು, ತನ್ನನ್ನೇ ಹಾಗೆ ಕಂಡದ್ದು ಅದೇ ಮೊದಲು.

ಸೋಮವಾರ ಮಾಲೀಕನ ಕೋಣೆಗೆ ಹೋದಳು.

"ಚೌಡಕ್ಕನಿಗೆ ಯಾಕೆ ಸರ್ ಬೇಡ ಅಂತ ಪತ್ರ ಹೋಯ್ತು?"

ಅರುಣಕುಮಾರ್ ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ. "ಹೂ ಕಟ್ಟೋಳನ್ನ ತಂದು ಆಫೀಸಲ್ಲಿ ಕೂರಿಸ್ತೀಯೇನಮ್ಮ? ನಮ್ಮ ಮನೆಯವಳ ಚಿಕ್ಕಪ್ಪನ ಮಗಳಿದಾಳೆ. ಅವಳ ರೆಸ್ಯೂಮೆ ನೋಡು, ಕಲರ್ ಪ್ರಿಂಟು, ಫೋಟೋ, ಎಷ್ಟು ನೀಟಾಗಿದೆ."

ವಾಣಿಶ್ರೀ ನೋಡಿದಳು. ಅಂಚಿಗೆ ನೀಲಿ ಬಳ್ಳಿ, ಮೊದಲ ಸಾಲಿನಲ್ಲಿ ಸವಾಲಿನ ಹುದ್ದೆ.

"ಅವಳಿಗೆ ಜೊಳ್ಳು ಬೀಜ, ಗಟ್ಟಿ ಬೀಜ ಬೇರೆ ಮಾಡೋಕೆ ಬರುತ್ತಾ ಸರ್?"

"ಕಲಿಸು. ಸಂಬಳ ಯಾಕೆ ಕೊಡ್ತೀವಿ ನಿನಗೆ?"

"ನೇಮಕದ ಪತ್ರಕ್ಕೆ ನಾನು ಸಹಿ ಹಾಕಲ್ಲ."

"ನಾನು ಹಾಕ್ತೀನಿ ಬಿಡು. ನಿನ್ನ ಸಹಿ ಏನು ರಾಷ್ಟ್ರಪತಿದಾ?"

ಅಷ್ಟೇ. ಅವಳ ಸಹಿಯ ಬೆಲೆ ಅವಳಿಗೆ ಅವತ್ತು ತಿಳಿಯಿತು. ರಾಜೀನಾಮೆ ಬಿಸಾಡಿ ಬರುವಷ್ಟು ಅನುಕೂಲ ಮನೆಯಲ್ಲಿರಲಿಲ್ಲ. ರಜೆ ಬರೆದುಕೊಟ್ಟು ಹಡಗಲಿಯ ಬಸ್ಸು ಹತ್ತಿದಳು.

ಚೌಡಕ್ಕ ಮೊಗ್ಗಿನ ರಾಶಿಯ ಮುಂದೆ ಕೂತಿದ್ದಳು. ಕ್ಷಮೆ ಕೇಳಲು ಬಂದವಳನ್ನು ಮೇಲಿಂದ ಕೆಳಗೆ ನೋಡಿದಳು.

"ತಪ್ಪಾತು ಅನ್ನಾಕ ಇಷ್ಟು ದೂರ ಬಂದ್ಯಾ? ನಿಮ್ಮ ಕೆಲಸಿಲ್ಲ ಅಂತ ಇಲ್ಲಿ ಒಲಿ ಆರಿಲ್ಲವ್ವ. ಬಾಯಿಲೆ ಬ್ಯಾಡ, ಕೈಲೆ ಏನರ ಮಾಡು."

ಅದೂ ಸರಿಯೇ ಎನಿಸಿತು. ಮರುದಿನ ವಾಣಿಶ್ರೀ ಆ ಒಂದು ಪುಟ ಹಿಡಿದು ಕೂಡ್ಲಿಗಿಗೆ ಹೋದಳು. ಅಲ್ಲಿ ಪಂಪಮ್ಮ ಎಂಬವರು ಶೇಂಗಾ ಆರಿಸಿ ಹೊರಗೆ ಕಳಿಸುವ ಘಟಕ ನಡೆಸುತ್ತಿದ್ದರು. ಜೋರು ಬಾಯಿಯ ಹೆಂಗಸು. ರೆಸ್ಯೂಮೆ ಎಂದೊಡನೆ ಮುಖ ಸಿಂಡರಿಸಿದರು.

"ತಂಗಿ, ನನ್ನ ಕಪಾಟಿನಾಗ ಇಂಥಾವು ನೂರು ಅದಾವ. ಶೇಂಗಾ ಪೊಟ್ಟಣಕ್ಕೂ ಬರಂಗಿಲ್ಲ."

"ಒಂದೇ ಪುಟ ಐತೆ ಅಕ್ಕ. ನನ್ನ ಮುಂದೆನೇ ಓದಿ. ಮುಗಿಯೋವರೆಗೆ ನಾನು ಏಳಲ್ಲ."

ಪಂಪಮ್ಮ ಓದಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು.

"ಹನ್ನೊಂದು ವರ್ಷದಾಗ ಒಬ್ಬಾಕಿನೂ ಜಗಳಾ ಮಾಡಿ ಹೋಗಿಲ್ಲಂತ, ಖರೇನಾ? ನನ್ನ ಹತ್ರ ತಿಂಗಳಿಗೆ ಮೂರು ಮಂದಿ ಹೋಗ್ತಾರ."

"ಯಾಕೆ ಹೋಗ್ತಾರೆ ಅಂತ ಈಗ ಗೊತ್ತಾಯ್ತು ಬಿಡಿ," ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ವಾಣಿಶ್ರೀ ನುಂಗಿಕೊಂಡಳು. "ಕರೆಸಿ ನೋಡಿ ಅಕ್ಕ," ಎಂದಷ್ಟೇ ಹೇಳಿದಳು.

ಚೌಡಕ್ಕನಿಗೆ ಕೆಲಸವಾಯಿತು. ವಾಣಿಶ್ರೀ ಯಾರಿಗೂ ಹೇಳಲಿಲ್ಲ. ಶನಿವಾರ ಬಸ್ಸು ಕೊಟ್ಟೂರಿನಲ್ಲಿ ನಿಂತಾಗಲೆಲ್ಲ ಅಂಗಡಿಯಿಲ್ಲದ ಕಡೆಯ ಕಿಟಕಿಗೆ ಮುಖ ತಿರುಗಿಸಿ ಕೂರುತ್ತಿದ್ದಳು.

*ನೋಡಬಾರದು... ನೋಡಿದರೆ ಇಳಿಯಬೇಕಾಗುತ್ತೆ.*

ಐದನೆಯ ಶನಿವಾರ ಹಾಗೆಯೇ ಕೂತಿದ್ದಾಗ ಬಸ್ಸು ಹೊರಟಿತು. ತಲೆಯ ಮೇಲೆ ಯಾರೋ ಉಸಿರು ಬಿಡುತ್ತ ನಿಂತಂತಾಯಿತು.

"ಆ ಕಡೆ ಏನೈತ್ರಿ ನೋಡಾಕ? ಬರೇ ಗೋಡಿ ಇತ್ತು."

ಬೀರಲಿಂಗೇಶ್. ಓಡಿಬಂದು ಹತ್ತಿದ್ದನೇನೋ, ಅಂಗಿ ಬೆವೆತಿತ್ತು. ಪಕ್ಕದಲ್ಲಿ ಕೂತಿದ್ದ ಮುದುಕಿ ಇಬ್ಬರನ್ನೂ ಒಮ್ಮೆ ಅಳೆದು, "ಜಗಳಾ ಐತೋ ಏನು?" ಎಂದಳು. "ಕುಂದ್ರಪಾ, ಕುಂತು ಆಡ್ರಿ," ಎಂದು ಎದ್ದು ಹಿಂದಿನ ಸೀಟಿಗೆ ಹೋದಳು.

ಅವನು ಕೂತ.

"ಚೌಡಕ್ಕ ಬಂದಿದ್ಲು," ಎಂದ. "ಎಲ್ಲಾ ಹೇಳಿದ್ಲು. ಹೇಳಿ ಬೈದ್ಲು. ಆ ಹುಡುಗಿ ನನ್ನ ಕಾಲಿಗೆ ಬೀಳೋದು ಒಂದು ಬಾಕಿ ಇತ್ತು, ನೀನು ಆಕಿ ಮಾತು ಮುಗಿಯೋತನಕ ಕೇಳಿಲ್ಲೇನು ಅಂತ." ಅವನು ತನ್ನ ಅಂಗೈ ನೋಡಿಕೊಂಡ. "ಕೇಳಿರಲಿಲ್ಲ. ಮೊದಲನೇ ಸಾಲು ನೋಡಿ ನಿಮ್ಮನ್ನ ಎಸ್ದಬಿಟ್ಟೆ."

"ಸಹಿ ಹಾಕಿದ್ದು ನಾನೇ."

"ಹೌದು. ಬೈದದ್ದೂ ನಾನ. ಇಬ್ಬರದೂ ತಪ್ಪು ಐತಿ, ಸುಳ್ಳು ಯಾಕ?"

ಅವಳಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡಳು. "ಕ್ಷಮೆ ಕೇಳೋಕೆ ಏನಾದ್ರೂ ಬರ್ಕೊಂಡು ಬಂದಿದೀರಾ? ಎಷ್ಟನೇದು, ನಾಲ್ಕನೇದಾ?"

"ಬರಿಯಾಕ ಕುಂತೆರಿ. ಊರ ಮಂದಿದೆಲ್ಲ ಬರಿತೀನಿ, ನಂದು ಬರಲಿಲ್ಲ." ಅವನ ದನಿ ಇಳಿಯಿತು. "ಐದು ಶನಿವಾರ ಬಾಗಿಲಾಗ ನಿಂತೆ. ಬಸ್ಸು ಬರೋದು, ನೀವು ಆ ಕಡೆ ತಿರುಗೋದು... ಅಂಗಡಿದಾಗ ತಪ್ಪು ಹಿಡಿಯೋರು ಇಲ್ಲರಿ. ಬರದದ್ದೆಲ್ಲ ಸರಿ ಐತಿ ಅನ್ನಿಸ್ತೈತಿ. ಅದು ಬಾಳ ಕೆಟ್ಟ ಅನ್ನಿಸ್ತೈತಿ."

ಕಂಡಕ್ಟರ್ ಬಂದು ನಿಂತ. "ಎಲ್ಲಿಗ್ರಿ?"

ಬೀರಲಿಂಗೇಶ್ ಅವಳ ಮುಖ ನೋಡಿದ. ಅವಳು ಕಿಟಕಿಯ ಕಡೆ ತಿರುಗಲಿಲ್ಲ.

"ಹರಪನಹಳ್ಳಿ, ಒಂದು," ಎಂದಳು ಅವಳೇ.

ಕಂಡಕ್ಟರ್ ಮುಂದೆ ಹೋದ. ಅವನು ಟಿಕೆಟನ್ನು ಎರಡು ಬೆರಳಲ್ಲಿ ಹಿಡಿದು ಬಹಳ ಹೊತ್ತು ನೋಡಿದ. ಅವಳು ತನ್ನ ಕೈಯನ್ನು ಕುರಿ ಕಾದವನ ಆ ಒರಟು ಬೆರಳುಗಳ ಮೇಲಿಟ್ಟಳು.

"ವಾಣಿಶ್ರೀ..." ಎಂದ. ಮೇಡಂ ಎನ್ನಲಿಲ್ಲ. "ನಿಮ್ಮಪ್ಪಾರಿಗೆ ಏನಂತ ಹೇಳ್ಲಿ?"

"ಇದ್ದದ್ದನ್ನ ಹೇಳಿ."

"ಇದ್ದದ್ದು ಬಾಳ ಕಮ್ಮಿ ಐತಿ."

"ನನಗೆ ಸಾಕು," ಎಂದಳು ಅವಳು.