ದಪ್ಪ ಅಕ್ಷರದ ಮಿಡತೆ

"ಇವತ್ತೂ ಇಲ್ಲ," ಎಂದು ಮಿಡತೆ ಕಂಪ್ಯೂಟರ್ ಮುಂದಿನ ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು.

"ಏನಿಲ್ಲ? ಅಮ್ಮನ ಲೆಟರ್ ಬಂದಿದೆಯಲ್ಲ," ಎಂದ ಅಪ್ಪ. ಅವನು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವನು. ಭಾನುವಾರವೂ ಕೈಯಲ್ಲಿ ಕೆಂಪು ಪೆನ್ನು ಹಿಡಿದೇ ಇರುತ್ತಿದ್ದ.

"ಏನೂ ಇಲ್ಲ ಬಿಡು."

ಮಿಡತೆ ಅವಳ ನಿಜವಾದ ಹೆಸರಲ್ಲ. ಕೂತಲ್ಲಿ ಕೂರದ ಮಗಳಿಗೆ ಅಮ್ಮ ಇಟ್ಟ ಹೆಸರು. ಅಮ್ಮ ಹಡಗಿನಲ್ಲಿ ನರ್ಸ್. ಹೋಗಿ ಐದು ತಿಂಗಳಾಗಿತ್ತು, ಬರಲು ಇನ್ನೂ ನಾಲ್ಕು ತಿಂಗಳಿತ್ತು. ನಡುಸಮುದ್ರದಿಂದ ವಿಡಿಯೊ ಕಾಲ್ ಇಲ್ಲ, ಫೋಟೊ ಇಲ್ಲ. ವಾರಕ್ಕೊಮ್ಮೆ ಬರುವುದು ಬರೀ ಅಕ್ಷರ.

ಹೊರಡುವ ದಿನ ಬಂದರಿನ ಗೇಟಿನ ಹತ್ತಿರ ಅಮ್ಮ ಅವಳನ್ನು ಉಸಿರು ಕಟ್ಟುವಷ್ಟು ಬಿಗಿಯಾಗಿ ತಬ್ಬಿಕೊಂಡಿದ್ದಳು. "ಲೆಟರಲ್ಲಿ ನಿನ್ನ ಹೆಸರಿನ ಎರಡೂ ಕಡೆ ಒಂದೊಂದು ಸ್ಟಾರ್ ಹಾಕ್ತೀನಿ. ಅವೆರಡೂ ನನ್ನ ಕೈ. ಮಧ್ಯೆ ನೀನು," ಎಂದಿದ್ದಳು.

ಹಾಗೇ ಬರುತ್ತಿತ್ತು. ಸ್ಟಾರ್, ಮಿಡತೆ, ಸ್ಟಾರ್. ಆದರೆ ಮೂರು ವಾರದಿಂದ ಸ್ಟಾರ್‌ಗಳೇ ಮಾಯ. ಹೆಸರು ಮಾತ್ರ ದಪ್ಪ ಅಕ್ಷರದಲ್ಲಿ ಒಂಟಿಯಾಗಿ ನಿಂತಿರುತ್ತಿತ್ತು.

ಅಮ್ಮನಿಗೆ ಮರೆತೇಹೋಗಿದೆ ಎಂದುಕೊಂಡಳು ಮಿಡತೆ. ಕೋಪ ಬಂತು. ಕೋಪದ ಹಿಂದೆಯೇ ಅಳುವೂ ಬಂತು. ಅಮ್ಮ ಬೇಕು ಅನ್ನಿಸಿತು, ಈಗಲೇ ಬೇಕು. ಆ ಕೋಪದಲ್ಲಿ ಎರಡು ವಾರ ಉತ್ತರವನ್ನೇ ಬರೆದಿರಲಿಲ್ಲ.

ಇವತ್ತು ಕೇಳಿಯೇಬಿಡುವುದು ಎಂದು ಕುರ್ಚಿ ಎಳೆದುಕೊಂಡು ಟೈಪ್ ಮಾಡಿದಳು: "ಅಮ್ಮಾ, ನೀನು ಸ್ಟಾರ್ ಹಾಕೋದನ್ನ ಮರೆತಿದೀಯ. ನೋಡು, ಹೀಗೆ ಹಾಕ್ಬೇಕು." ಆಮೇಲೆ ಒಂದು ಸ್ಟಾರ್, ತನ್ನ ಹೆಸರು, ಇನ್ನೊಂದು ಸ್ಟಾರ್. ಎಂಟರ್ ಒತ್ತಿದಳು.

ಸ್ಟಾರ್‌ಗಳು ಹೋದವು. ಹೆಸರು ದಪ್ಪಗಾಯಿತು.

"ಅಪ್ಪಾ, ನಂದೂ ಹೋಯ್ತು."

"ಏನು ಹೋಯ್ತು?"

"ಸ್ಟಾರು. ಕಂಪ್ಯೂಟರ್ ನುಂಗಿಬಿಡ್ತು."

ಅಪ್ಪ ಬಂದು ಬಗ್ಗಿ ನೋಡಿದ. "ಓ, ಇದಾ. ಲೆಟರ್ ಅಚ್ಚುಕಟ್ಟಾಗಿ ಕಾಣ್ಲಿ ಅಂತ ಮೂರು ವಾರದ ಹಿಂದೆ ಹೊಸ ಪ್ರೋಗ್ರಾಂ ಹಾಕಿದೆನಲ್ಲ. ಅದಕ್ಕೆ ಸ್ಟಾರ್ ಅಂದ್ರೆ ಒಂದು ಗುರುತು, ಮಧ್ಯೆ ಇರೋದನ್ನ ದಪ್ಪ ಮಾಡು ಅಂತ. ನಾನು ಪ್ರೂಫಲ್ಲಿ ಪದದ ಕೆಳಗೆ ಅಲೆಅಲೆಯಾಗಿ ಗೆರೆ ಎಳೀತೀನಿ. ಪುಸ್ತಕದಲ್ಲಿ ಆ ಗೆರೆ ಬರುತ್ತಾ? ಪದ ದಪ್ಪ ಆಗಿ ಬರುತ್ತೆ, ಅಷ್ಟೇ."

"ಸ್ಟಾರೇ ಕಾಣ್ಬೇಕು ಅಂದ್ರೆ?"

"ಎರಡು ಸ್ಟಾರ್‌ಗೂ ಮೊದಲು ಒಂದೊಂದು ಓರೆ ಗೆರೆ ಹಾಕು, ಬ್ಯಾಕ್‌ಸ್ಲ್ಯಾಶ್. ಇದನ್ನ ಮುಟ್ಟಬೇಡ, ಇದ್ದ ಹಾಗೇ ಬಿಡು ಅಂತ ಅರ್ಥ."

ಹಾಕಿದಳು. ಎರಡೂ ಸ್ಟಾರ್ ತೆಪ್ಪಗೆ ಬಂದು ನಿಂತವು. ಓರೆ ಗೆರೆಗಳು ಮಾತ್ರ ಕಾಣಲಿಲ್ಲ.

ಮಿಡತೆ ಅಲ್ಲಾಡದೆ ಕೂತಳು. ಅವಳು ಹಾಗೆ ಕೂರುವುದು ಅಪರೂಪ.

"ಅಪ್ಪಾ, ಅಮ್ಮ ಹೇಗೆ ಟೈಪ್ ಮಾಡಿದ್ಲೋ ಹಾಗೇ ತೋರಿಸ್ತೀಯಾ?"

ಅಪ್ಪ ಅಮ್ಮನ ಪತ್ರ ತೆರೆದು ಒಂದು ಬಟನ್ ಒತ್ತಿದ. ದಪ್ಪ ಹೆಸರು ತೆಳ್ಳಗಾಯಿತು. ಎಡಕ್ಕೊಂದು ಸ್ಟಾರ್, ಬಲಕ್ಕೊಂದು ಸ್ಟಾರ್. ಹೋದ ವಾರದ ಪತ್ರದಲ್ಲೂ ಇದ್ದವು, ಅದರ ಹಿಂದಿನದರಲ್ಲೂ.

"ನಾನು ಎರಡು ವಾರ ಬರೀಲೇ ಇಲ್ಲ," ಎಂದಳು ಮಿಡತೆ.

"ಇವತ್ತು ಮೂರು ಪಟ್ಟು ಉದ್ದ ಬರಿ. ನಿನ್ನಂಥ ಮಾತಿನಮಲ್ಲಿಗೆ ಅದೇನು ಕಷ್ಟ?" ಅಪ್ಪ ಅವಳ ತಲೆ ಸವರಿದ. "ಹಾಗೇ ಅಮ್ಮಂಗೂ ಓರೆ ಗೆರೆ ಹಾಕೋಕೆ ಹೇಳಿಬಿಡು."

ಮಿಡತೆ ಮತ್ತೆ ಆ ಬಟನ್ ಒತ್ತಿದಳು. ಸ್ಟಾರ್‌ಗಳು ಮರೆಯಾಗಿ ಹೆಸರು ದಪ್ಪಗಾಯಿತು. ಅದನ್ನೇ ನೋಡಿದಳು. ಬಂದರಿನ ಗೇಟಿನ ಹತ್ತಿರ ಅವಳಿಗೆ ಕಂಡದ್ದು ಅಮ್ಮನ ನೀಲಿ ಅಂಗಿಯ ಒಂದು ಗುಂಡಿ ಮಾತ್ರ. ಅಷ್ಟು ಬಿಗಿಯಾಗಿ ತಬ್ಬಿದ್ದ ಕೈಗಳು ಆವತ್ತೂ ಕಂಡಿರಲಿಲ್ಲ.

"ಬೇಡ ಅಪ್ಪಾ. ಹೀಗೇ ಇರ್ಲಿ," ಎಂದಳು.

ಬರೆದಿದ್ದ ಸಾಲನ್ನು ಅಳಿಸಿ ಹೊಸದಾಗಿ ಶುರುಮಾಡಿದಳು. ಸ್ಟಾರ್, ಅಮ್ಮ, ಸ್ಟಾರ್. ಓರೆ ಗೆರೆ ಹಾಕಲಿಲ್ಲ.

ಎಂಟರ್ ಒತ್ತಿದಳು. ಅಮ್ಮ ದಪ್ಪಗಾದಳು.