ಮಾಂತ್ರಿಕನಿಗೆ ಹಿಡಿಸಿದ ಪ್ರೇಮಕತೆ

ಬಹಳ ಹಿಂದೆ, ಆನೆಗಳು ಇನ್ನೂ ಮಾತು ಬಿಟ್ಟಿರದ ಕಾಲದಲ್ಲಿ, ಚಂದ್ರಗಾವಿ ಎಂಬ ರಾಜ್ಯವಿತ್ತು. ಬೇರೆ ರಾಜ್ಯದವರು ಕೋಟೆ ತೋರಿಸಿ ಮೀಸೆ ತಿರುವುತ್ತಿದ್ದರು. ಚಂದ್ರಗಾವಿಯವರು ಮಾತ್ರ ಬಂದ ನೆಂಟರನ್ನು ನೇರ ಪುಸ್ತಕದ ಅರಮನೆಗೆ ಕರೆದೊಯ್ಯುತ್ತಿದ್ದರು. "ನಮ್ಮ ಮಾಚಲೆಯಮ್ಮನ್ನ ಕೇಳಿ ನೋಡಿ. ನಿಮಗೆ ಯಾವ ಪ್ರೇಮಕತೆ ಹಿಡಿಸುತ್ತೆ ಅಂತ ನಿಮಗಿಂತ ಮೊದಲು ಅವರಿಗೆ ಗೊತ್ತಾಗುತ್ತೆ" ಎನ್ನುತ್ತಿದ್ದರು.

ಮಾಚಲೆ ಆ ಅರಮನೆಯ ಹಿರಿಯ ಪಾಲಕಿ. ಓದಲು ಬಂದವರಿಗೆ ಮಣೆ ಹಾಕಿ ಕೂರಿಸುವಳು, ಪಾನಕ ಕೊಡುವಳು, ಆಮೇಲೆ ಒಂದೇ ಒಂದು ಪ್ರಶ್ನೆ ಕೇಳುವಳು: "ನೀವು ಮನಸ್ಸು ಬಿಚ್ಚಿ ಜಗಳ ಆಡೋದು ಯಾರ ಹತ್ರ?" ಅಷ್ಟು ಕೇಳಿದರೆ ಸಾಕು, ಹೊಟ್ಟೆಯೊಳಗಿನದೆಲ್ಲ ಹೊರಗೆ ಬರುತ್ತಿತ್ತು. ಅದನ್ನು ಕೇಳಿಸಿಕೊಂಡು, ಕಪಾಟಿನಿಂದ ತಕ್ಕ ಪುಸ್ತಕ ತೆಗೆದು ಕೊಡುವಳು. ಕತೆಯ ಕೊನೆಯನ್ನು ಮಾತ್ರ ಹೇಳುವಂತಿಲ್ಲ. ಅದು ಅಲ್ಲಿನ ಕಟ್ಟಳೆ. ಅವಳು ಕೊಟ್ಟ ಪುಸ್ತಕ ಅರ್ಧ ಓದಿ ವಾಪಸು ಬಂದದ್ದೇ ಇಲ್ಲ. ಅವಳಿಗೆ ಜಂಬ ಇತ್ತೇ? ಇತ್ತು ಸ್ವಾಮಿ, ಇರಬೇಕಾದ್ದೇ! ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುತ್ತಿದ್ದ ಅವಳ ಗಂಡ ಬಿಜ್ಜಣ ಅವಳಿಗಿಂತ ಹೆಚ್ಚು ಬೀಗುತ್ತಿದ್ದ.

ಇದರಿಂದ ಹೊಟ್ಟೆಗೆ ಬೆಂಕಿ ಬಿದ್ದದ್ದು ಉರಿಜಡೆ ಎಂಬ ಮಾಂತ್ರಿಕನಿಗೆ. ಅವನು ವಶೀಕರಣದ ತಾಯಿತ ಮಾರುವವನು. ಪ್ರೇಮಕತೆ ಓದಿ ಓದಿ ಊರಿನ ಹುಡುಗರು, ಹುಡುಗಿಯರು ಬಾಯಿಬಿಟ್ಟು ಮಾತಾಡುವುದನ್ನು ಕಲಿತರು. ತಾಯಿತ ಕೇಳುವವರೇ ಇಲ್ಲವಾದರು. ಒಂದು ಬೆಳಗ್ಗೆ ಅವನು ಮನೆಯಷ್ಟು ದೊಡ್ಡ ಗೂಬೆಯ ಮೇಲೆ ಕೂತು ಬಂದಿಳಿದ. ಬಾಗಿಲಲ್ಲಿ ಅಡ್ಡ ನಿಂತ ಬಿಜ್ಜಣನ ಮೇಲೆ ಬೂದಿ ಊದಿದ. ಬಿಜ್ಜಣ ಕಲ್ಲಿನ ಸಿಂಹವಾದ.

"ಅಯ್ಯೋ ಪಾಪಿ! ನನ್ನ ಗಂಡ ನಿನಗೇನು ಮಾಡಿದ್ದರೋ?" ಎಂದು ಮಾಚಲೆ ಚೀರಿದಳು.

"ಮೂರು ಪ್ರೇಮಕತೆ ಕೊಡು," ಎಂದ ಉರಿಜಡೆ. "ಒಂದನ್ನಾದರೂ ನಾನು ಕೊನೆವರೆಗೆ ಓದಿದರೆ ನನ್ನ ಮಾಟ ಮುರಿಯುತ್ತೆ, ನಿನ್ನ ಗಂಡ ಎದ್ದು ಬರ್ತಾನೆ. ಓದದಿದ್ದರೆ ಈ ಅರಮನೆ, ಪುಸ್ತಕ, ನೀನು, ಎಲ್ಲ ಕಲ್ಲು!"

ಬೇಕಂತಲೇ ಅರ್ಧಕ್ಕೆ ಬಿಡಬಹುದಲ್ಲ ಅಂತೀರಾ? ಅದೇ ಅವನ ಕುತಂತ್ರ. ಆದರೆ ಮಾಚಲೆಗೆ ಗೊತ್ತಿತ್ತು, ತಕ್ಕ ಪುಸ್ತಕ ಕೈಗೆ ಬಿದ್ದರೆ ಬಿಡುವುದು ಯಾರಿಂದಲೂ ಆಗದು.

"ಏಳು ಸಮುದ್ರ ದಾಟಿದ ರಾಜಕುಮಾರನ ಕತೆ ಕೊಡಮ್ಮ, ಅದಕ್ಕೆ ಸೋಲದವರಿಲ್ಲ," ಎಂದ ಮುದಿ ಪಾಲಕ ಎರೆಯಪ್ಪ. ಮಾಚಲೆ ಆ ದಪ್ಪ ಪುಸ್ತಕವನ್ನು ಮಾಂತ್ರಿಕನ ಮುಂದೆ ಕುಕ್ಕಿದಳು. ಅವನು ಎರಡು ಸಮುದ್ರ ದಾಟುವಷ್ಟರಲ್ಲಿ ಎಸೆದ. "ಕೊನೆಗೆ ಹುಡುಗಿ ಸಿಗ್ತಾಳೆ, ಇನ್ನೇನು!" ಅರ್ಧ ಕಪಾಟುಗಳು ಕಲ್ಲಾದವು.

"ಅಗಲಿದವರ ಕತೆ ಕೊಡಿ ಅಕ್ಕಾ, ಕಲ್ಲೂ ಕರಗುತ್ತೆ," ಎಂದಳು ಕಿರಿಯ ಪಾಲಕಿ ಕೆಂಚವ್ವೆ. ಮಾಚಲೆ ಅದನ್ನೂ ಕುಕ್ಕಿದಳು. ಗೂಬೆ ಇಣುಕಿ ಓದಿ ಗೊಳೋ ಎಂದು ಅತ್ತಿತು. ಉರಿಜಡೆ ಆಕಳಿಸಿ ಎಸೆದ. ಒಂದೇ ಒಂದು ಕಪಾಟು ಉಳಿದು ಮಿಕ್ಕದ್ದೆಲ್ಲ ಕಲ್ಲಾಯಿತು.

ಮಾಚಲೆ ಸಿಂಹದ ಕಾಲ ಬಳಿ ಕುಸಿದಳು. ತಾನು ಕೊಟ್ಟ ಪುಸ್ತಕ ಅರ್ಧಕ್ಕೆ ವಾಪಸು! ಅದೂ ಎರಡೆರಡು! ಸಂಕಟ, ಸಿಟ್ಟು, ಅವಮಾನ ಎಲ್ಲ ಒಟ್ಟಿಗೆ ಬಂದವು. ಕಲ್ಲಿನ ಕೇಸರವನ್ನು ಸವರುತ್ತಾ ಕೂತವಳಿಗೆ ತಟ್ಟನೆ ಹೊಳೆಯಿತು. 'ಅಯ್ಯೋ ನನ್ನ ಬುದ್ಧಿಯೇ! ಇವನನ್ನು ಕೂರಿಸಲಿಲ್ಲ, ಕೇಳಲಿಲ್ಲ. ಪುಸ್ತಕ ಕೊಟ್ಟೆನೋ, ಕಲ್ಲು ಎತ್ತಿ ಹಾಕಿದೆನೋ?'

ಅವಳು ಕಣ್ಣೊರೆಸಿಕೊಂಡು ಎದ್ದಳು. ಮಣೆ ಹಾಕಿದಳು, ಪಾನಕ ತಂದಳು. "ಕೂತ್ಕೊಳ್ಳಿ ಸ್ವಾಮಿ," ಎಂದಳು. "ನೀವು ಮನಸ್ಸು ಬಿಚ್ಚಿ ಜಗಳ ಆಡೋದು ಯಾರ ಹತ್ರ?"

ಉರಿಜಡೆ ತಬ್ಬಿಬ್ಬಾದ. ಅವನಿಗೆ ಮಣೆ ಹಾಕಿದವರೇ ಇರಲಿಲ್ಲ. ಪಾನಕ ಕುಡಿದ. "ನನ್ನ ಹತ್ರ ಯಾರು ಜಗಳ ಆಡ್ತಾರೆ? ಸಾರಿಗೆ ಉಪ್ಪಿಲ್ಲ ಅಂದರೆ 'ತಪ್ಪಾಯ್ತು ಪ್ರಭು' ಅಂತ ಓಡಿಹೋಗ್ತಾರೆ. 'ಬೇಕಾದರೆ ನೀನೇ ಹಾಕ್ಕೋ' ಅನ್ನೋರು ಒಬ್ಬರೂ ಇಲ್ಲ," ಎಂದ.

"ನನಗೂ ಹೆದರಿಕೆ ಕಣಪ್ಪ," ಎಂದಿತು ಗೂಬೆ.

ಮಾಚಲೆ ಉಳಿದ ಕಪಾಟಿನತ್ತ ನೋಡಿದಳು. ಆದರೆ ಕೈ ಹೋದದ್ದು ಸೊಂಟಕ್ಕೆ. ಅಲ್ಲಿ ಅಂಗೈಯಗಲದ ಒಂದು ಪುಸ್ತಕವಿತ್ತು. ಬಿಜ್ಜಣ ಅವಳನ್ನು ಮೊದಲ ಸಲ ಕಂಡಾಗ "ಇದು ನಿನಗೆ ಹಿಡಿಸುತ್ತೆ" ಎಂದು ಕೊಟ್ಟದ್ದು. ಅವಳು ಅದನ್ನು ಯಾರಿಗೂ ಕೊಟ್ಟಿರಲಿಲ್ಲ, ಕೊಡಲು ಮನಸ್ಸೇ ಬಂದಿರಲಿಲ್ಲ. ಈಗ ಗಂಡನನ್ನು ಕಲ್ಲು ಮಾಡಿದವನ ಕೈಗೇ ಇಟ್ಟಳು. "ದೋಣಿಯವನೊಬ್ಬ, ಅವನ ಹೆಂಡತಿ. ಮನೆಯ ಹಿತ್ತಾಳೆ ಗಿಂಡಿ ಕಳೆದುಹೋಗುತ್ತೆ. ನೀನೇ ಕಳೆದದ್ದು ಅಂತ ಇಬ್ಬರೂ ಮುದುಕರಾಗುವ ತನಕ ಜಗಳ ಆಡ್ತಾರೆ. ಇಷ್ಟೇ ಹೇಳಬಲ್ಲೆ."

ಉರಿಜಡೆ ಮೂಗು ಮುರಿಯುತ್ತಾ ಶುರುಮಾಡಿದ. ಆಮೇಲೆ "ಎಂಥಾ ಬಾಯಿ ಈ ಹೆಂಗಸಿಂದು!" ಎಂದು ನಕ್ಕ. ಆಮೇಲೆ ನಗುವುದನ್ನೂ ಮರೆತು ಓದಿದ. ಕೊನೆಯ ಪುಟ ಬಂದಾಗ ಅವನಿಗೆ ಪಂಥ ನೆನಪಾಗಿ, ಪುಸ್ತಕವನ್ನು ಪಟ್ಟನೆ ಮುಚ್ಚಿ ಕೆಳಗಿಟ್ಟ.

ಮಾಚಲೆ ಖಾಲಿ ಲೋಟ ಎತ್ತಿಕೊಳ್ಳುತ್ತಾ, "ಬಿಟ್ಟರೆ ಬಿಡಿ. ಗಿಂಡಿ ಕಳೆದದ್ದು ಯಾರು ಅಂತ ನನಗಂತೂ ಗೊತ್ತು," ಎಂದಳು.

ಉರಿಜಡೆ ಗಡ್ಡ ಕೆರೆದ. ಆ ಕಡೆ ನೋಡಿದ, ಈ ಕಡೆ ನೋಡಿದ. "ಓದು ಮಾರಾಯ, ನನಗೂ ತಿಳೀಬೇಕು!" ಎಂದು ಗೂಬೆ ಗದರಿತು. ಅದು ಅವನಿಗೆ ಎದುರು ಮಾತಾಡಿದ್ದು ಅದೇ ಮೊದಲು.

"ಹಾಳಾಗಿ ಹೋಗಲಿ ಮಾಟ!" ಎಂದು ಉರಿಜಡೆ ಪುಸ್ತಕ ತೆರೆದು ಕೊನೆಯ ಸಾಲಿನ ತನಕ ಓದಿದ. ಓದಿ ಮುಗಿಸಿ ಕಣ್ಣೊರೆಸಿಕೊಂಡ. ಕಪಾಟುಗಳು ಮತ್ತೆ ಮರವಾದವು. ಸಿಂಹ ಮೈ ಕೊಡವಿತು, ಬಿಜ್ಜಣ ಎದ್ದು ನಿಂತ.

"ನೋಡಿದಿರಾ ನನ್ನ ಹೆಂಡತೀನ!" ಎಂದು, ಕಲ್ಲಾಗಿದ್ದಾಗಲೂ ಎಲ್ಲ ಕೇಳಿಸಿಕೊಂಡಿದ್ದ ಅವನು ಮೊದಲು ಬೀಗಿದ. ಆಮೇಲೆ ಮೆಲ್ಲಗೆ ಕೇಳಿದ, "ಅದಿರಲಿ ಮಾಚಲೆ, ಗಿಂಡಿ ಕಳೆದದ್ದು ಯಾರು?"

"ಅಂದರೆ? ನೀವೇ ಓದಿ ಕೊಟ್ಟ ಪುಸ್ತಕ ಅಲ್ವಾ?"

"ಅರ್ಧ ಓದಿದ್ದೆ. ಅಷ್ಟರಲ್ಲಿ ನೀನು ಬಾಗಿಲಲ್ಲಿ ಬಂದು ನಿಂತೆ. ಕೈಲಿದ್ದದ್ದನ್ನ ಕೊಟ್ಟುಬಿಟ್ಟೆ."

ಇಷ್ಟು ವರ್ಷ ಹೇಳಿರಲಿಲ್ಲ ನೋಡಿ! ಮಾಚಲೆಗೆ ನಗುವೂ ಅಳುವೂ ಒಟ್ಟಿಗೆ ಬಂತು. ಅವಳು ಹೇಳಲೆಂದು ಬಾಯಿ ತೆರೆದಳು. ಅಷ್ಟರಲ್ಲಿ ಉರಿಜಡೆ ಮಣೆಯಿಂದ ಹಾರಿ ನಡುವೆ ಬಂದ.

"ಹೇಳಬೇಡಿ ತಾಯೀ! ಅವರೇ ಓದಲಿ!"

ಅವನು ತಾಯಿತಗಳನ್ನೆಲ್ಲ ಹೊಳೆಗೆ ಎಸೆದು ಆ ಅರಮನೆಯಲ್ಲೇ ಪಾಲಕನಾದ. ಎಸೆದಿದ್ದ ಎರಡು ಪುಸ್ತಕಗಳನ್ನೂ ಕೊನೆಯವರೆಗೆ ಓದಿ ಮಾಚಲೆಯ ಕೈಗಿತ್ತ, ಅವಳು ಮತ್ತೆ ತಲೆಯೆತ್ತಿ ನಡೆದಳು. ಗೂಬೆ ದಿನಾ ಉಪ್ಪಿನ ವಿಷಯಕ್ಕೆ ಅವನ ಹತ್ತಿರ ಜಗಳ ಆಡುತ್ತಿತ್ತು. ಎಲ್ಲರೂ ಸುಖವಾಗಿದ್ದರು. ಗಿಂಡಿಯ ವಿಷಯ ನನ್ನನ್ನು ಕೇಳಬೇಡಿ. ಚಂದ್ರಗಾವಿಗೆ ಹೋಗಿ, ನಿಮಗೂ ಮಣೆ ಹಾಕಿ ಕೂರಿಸುತ್ತಾರೆ.